ಬಿಸಿಲಿಗಿಟ್ಟ ಬೀಗಿತ್ತಿ

ಶಿಕಾರಿಪುರದಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದ ಕರಿಯಣ್ಣನಿಗೆ ಐವತ್ತಾರು ವರ್ಷದ ಬದುಕಿನಲ್ಲಿ ಸಿಕ್ಕಿದ್ದು ಒಂದೇ ಒಂದು ಸರ್ಟಿಫಿಕೇಟು. ನಾಲ್ಕನೇ ಕ್ಲಾಸು ಪಾಸಾದಾಗ ಒಂದು ಸಿಗಬೇಕಿತ್ತು, ಆದರೆ ಕರಿಯಣ್ಣ ಪಾಸಾಗಲಿಲ್ಲ. ಹೀಗಿರುವಾಗ ಮೂರು ದಿನದ ಅಣಬೆ ಬೇಸಾಯ ತರಬೇತಿ ಮುಗಿಸಿದ್ದಕ್ಕೆ ಸೀಲು, ಸಹಿ, ಅಂಚಿಗೆ ಹೂಬಳ್ಳಿ ಎಲ್ಲ ಇರುವ ಕಾಗದ ಕೈಗೆ ಬಂದರೆ ಮನುಷ್ಯ ನೆಲದ ಮೇಲೆ ನಿಲ್ಲುತ್ತಾನೆಯೇ? ಅದಕ್ಕೆ ಗಾಜು ಹಾಕಿಸಿ, ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ಬೀರಪ್ಪನ ಪಕ್ಕ ತೂಗುಹಾಕಿದ. ಹೆಂಡತಿ ಕೆಂಚಮ್ಮ ಬೆಳಿಗ್ಗೆ ಊದುಬತ್ತಿ ಬೆಳಗುವಾಗ ಅದಕ್ಕೂ ಒಂದು ಸುತ್ತು ಬೆಳಗುತ್ತಿದ್ದಳು. ಬೆಳಗದಿದ್ದರೆ ದಿನವಿಡೀ ಗಂಡನ ಮುಖ ನೋಡುವ ಹಾಗಿರಲಿಲ್ಲ.

ಮೂರು ದಿನದಲ್ಲಿ ಎರಡೂವರೆ ದಿನ ಕರಿಯಣ್ಣ ನಿಜಕ್ಕೂ ಮನಸ್ಸಿಟ್ಟು ಕಲಿತ. ಭತ್ತದ ಹುಲ್ಲು ಬೇಯಿಸುವುದು, ಚೀಲಕ್ಕೆ ತುಂಬುವುದು, ನಡುನಡುವೆ ಅಣಬೆ ಬೀಜ ಉದುರಿಸುವುದು, ಕತ್ತಲೆ ಕೋಣೆಯಲ್ಲಿ ತೂಗುಬಿಟ್ಟು ನೀರು ಚಿಮುಕಿಸುವುದು, ಎಲ್ಲ ಸರಿಯಾಗಿಯೇ ತಲೆಗೆ ಹೋಯಿತು. ಮೂರನೆಯ ದಿನ ಮಧ್ಯಾಹ್ನ ತರಬೇತಿಯವರು ಹೋಳಿಗೆ ಊಟ ಹಾಕಿಸಿದರು. ತಪ್ಪಾಗಿದ್ದು ಅಲ್ಲೇ. ಊಟದ ನಂತರ ಸಂಗಮೇಶ್ ಮೇಷ್ಟ್ರು 'ಅಣಬೆಯ ಔಷಧೀಯ ಗುಣಗಳು' ಎಂಬ ಪಾಠ ಶುರುಮಾಡಿದರು. ಕರಿಯಣ್ಣ ಕೋಲಿಗೆ ಗದ್ದ ಊರಿ ಕೂತ. ಹಾಗೆ ಕೂತು, ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುವುದು ಕುರಿ ಕಾಯುವವರ ಮನೆತನದ ವಿದ್ಯೆ. ಕುರಿಗೂ ಗೊತ್ತಾಗುವುದಿಲ್ಲ, ತೋಳಕ್ಕೂ ಗೊತ್ತಾಗುವುದಿಲ್ಲ, ಇನ್ನು ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು? "ಕರಿಯಣ್ಣನವರನ್ನ ನೋಡಿ ಕಲೀರಿ, ಕಣ್ಣು ಮಿಟುಕಿಸದೆ ಕೇಳ್ತಿದಾರೆ" ಎಂದು ಅವರು ಉಳಿದವರಿಗೆ ಬುದ್ಧಿ ಹೇಳಿದರಂತೆ.

ಆ ಪಾಠದ್ದೆಂದು ಕರಿಯಣ್ಣನ ನೋಟುಪುಸ್ತಕದಲ್ಲಿ ಉಳಿದದ್ದು ಇಷ್ಟು: 'ಅಣಬೆ. ಮೂಳೆಗೆ ಒಳ್ಳೇದು. ವಿಟಮಿನ್ ಡಿ. ಬೆಳಿಗ್ಗೆ ಹತ್ತರ ಬಿಸಿಲಿಗೆ ಒಂದು ತಾಸು ಅಂಗಾತ ಇಡಬೇಕು. ನೊಣ ಕೂರಬಾರದು. ಹೊತ್ತು ಮೀರಿದರೆ ಬಾಡುತ್ತದೆ. ಆಮೇಲೆ' — ಅಲ್ಲಿಂದ ಪೆನ್ನು ಹಾಳೆಯ ಕೆಳಗಿನ ತನಕ ಒಂದು ಸೊಟ್ಟ ಗೆರೆ ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ನಿಂತಿತ್ತು.

ಈ ಹಾಳೆಯನ್ನು ಕರಿಯಣ್ಣ ಆರು ತಿಂಗಳು ತೆರೆಯಲಿಲ್ಲ. ತೆರೆಯುವ ಪ್ರಸಂಗ ತಂದವಳು ಅವನ ಬೀಗಿತ್ತಿ ಮಾಳಮ್ಮ.

ಮಗಳು ಸಂಗೀತಳನ್ನು ಸೊರಬ ತಾಲೂಕಿನ ಕುಬಟೂರಿಗೆ ಕೊಟ್ಟಿತ್ತು. ಅಳಿಯ ಯತೀಶ ಒಳ್ಳೆಯವನೇ. ಮೂರು ವರ್ಷದ ಹಿಂದೆ ಮನೆಯ ಕುರಿಗಳನ್ನೆಲ್ಲ ಮಾರಿ ಟ್ರ್ಯಾಕ್ಟರ್ ತಂದ, ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ, ಅಮ್ಮನ ಕೋಣೆಗೆ ದೊಡ್ಡ ಟಿವಿ ಹಾಕಿಸಿದ. ಅಲ್ಲಿಯ ತನಕ ಮಾಳಮ್ಮ ದಿನಾ ಕುರಿ ಹೊಡೆದುಕೊಂಡು ಬಯಲು ಸುತ್ತಿದವಳು. ಕುರಿ ಹೋಯಿತು, ಟಿವಿ ಬಂತು. ಅವಳು ಕೋಣೆ ಸೇರಿ ಧಾರಾವಾಹಿಗಳ ಅತ್ತೆಯರ ಕಷ್ಟಸುಖ ನೋಡುತ್ತ, ಚಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತ ಕೂತುಬಿಟ್ಟಳು. ವರ್ಷ ಕಳೆಯುವುದರೊಳಗೆ ಸೊಂಟ ಹಿಡಿಯಿತು, ಮೊಣಕಾಲು ನೋಯತೊಡಗಿತು, ಗೋಡೆ ಹಿಡಿಯದೆ ಏಳಲಾರದ ಸ್ಥಿತಿ ಬಂತು. ಡಾಕ್ಟರು ಕೊಟ್ಟ ಮಾತ್ರೆಯನ್ನು ವಾಸನೆ ಅಂತ ಕಿಟಕಿಯಿಂದಾಚೆ ಎಸೆದಳು.

ಇಂಥ ಹೊತ್ತಿಗೆ ಸಂಗೀತಳಿಗೆ ಊರಿನ ಅಂಗನವಾಡಿ ಕಾರ್ಯಕರ್ತೆಯ ಕೆಲಸಕ್ಕೆ ಆದೇಶ ಬಂತು. ಜನವರಿ ಎರಡಕ್ಕೆ ಹಾಜರಾಗಬೇಕು. ತಪ್ಪಿದರೆ ಪಟ್ಟಿಯಲ್ಲಿ ಎರಡನೆಯ ಹೆಸರಿನವರಿಗೆ ಹೋಗುತ್ತದೆ. ಪಿಯುಸಿ ಓದಿ, ಮೂರು ಸಲ ಅರ್ಜಿ ಹಾಕಿ, ಮೂರನೆಯ ಸಲಕ್ಕೆ ಸಿಕ್ಕ ಕೆಲಸ ಅದು. ಆದೇಶದ ಕಾಗದವನ್ನು ಅವಳು ಅಕ್ಕಿ ಡಬ್ಬಿಯೊಳಗೆ ಇಟ್ಟು, ದಿನಕ್ಕೆ ನಾಲ್ಕು ಸಲ ತೆಗೆದು ಓದುತ್ತಿದ್ದಳು.

ನವೆಂಬರ್ ಕೊನೆಯ ಭಾನುವಾರ ಕರಿಯಣ್ಣ ಕುಬಟೂರಿಗೆ ಹೋದಾಗ ಊಟದ ಮನೆಯಲ್ಲಿ ಇದೇ ಮಾತು ನಡೆದಿತ್ತು.

"ನಾನೇನು ಬ್ಯಾಡ ಅಂತೀನಾ ಬೀಗ್ರೇ?" ಎಂದಳು ಮಾಳಮ್ಮ, ಗೋಡೆಗೆ ಒರಗಿ. "ಹೋಗ್ಲಿ ಪಾಪ. ಆದ್ರೆ ನಂಗೊಂದು ಲೋಟ ನೀರು ಕೊಡೋರು ಯಾರು? ದನಕ್ಕೆ ಹುಲ್ಲು ಹಾಕೋರು ಯಾರು? ಎದ್ದು ಓಡಾಡೋ ಹಂಗಿದ್ರೆ ನಾನೇ ಕೈ ಹಿಡಿದು ಕರ್ಕೊಂಡು ಹೋಗಿ ಬಿಟ್ಟು ಬರ್ತಿದ್ದೆ."

ಸಂಗೀತ ಸಾರು ಬಡಿಸುತ್ತಿದ್ದಳು. ಸೌಟು ಪಾತ್ರೆಗೆ ಜೋರಾಗಿ ಬಡಿಯಿತು. ಆ ಸದ್ದು ಕರಿಯಣ್ಣನ ಎದೆಗೇ ಬಡಿದಂತಾಯಿತು. ಮಗಳ ಮುಖ ನೋಡಿದ. ನೋಡಬಾರದಿತ್ತು. ನೋಡಿದ ಮೇಲೆ ಬಾಯಿ ತನ್ನ ಪಾಡಿಗೆ ತಾನು ತೆರೆದುಕೊಂಡಿತು.

"ಅಕ್ಕಾ, ಒಂದು ತಿಂಗ್ಳು ಕೊಡ್ರಿ ನಂಗೆ. ನಿಮ್ಮನ್ನ ನಡೆಸ್ತೀನಿ."

"ನೀವಾ?"

"ಅಣಬಿ! ಅಣಬಿಯೊಳಗೆ ಮೂಳೆಗೆ ಬೇಕಾದ್ದು ಐತಿ. ನಾನು ಸುಮ್ನೆ ಹೇಳಂಗಿಲ್ಲ, ಸರ್ಟಿಫಿಕೇಟ್ ಐತಿ ನಂದು."

ಯತೀಶನಿಗೆ ಅನ್ನ ನೆತ್ತಿಗೇರಿ ಕೆಮ್ಮು ಬಂತು. ಮಾಳಮ್ಮ ಮೂಗು ಮುರಿದಳು. "ಅಣಬೆ ಏಳೋದು ಗುಡುಗು ಬಂದಾಗ. ಈ ಚಳೀಲಿ ಎಂತದ್ದು ಅಣಬೆ? ಯಾವ ನಾಯಿಕೊಡೆ ತಿನ್ನಿಸಿ ಸಾಯಿಸ್ತೀರೋ ಏನೋ!"

"ಇದು ಚಿಪ್ಪಣಬಿ ಅಕ್ಕಾ, ನಾನೇ ಚೀಲದಾಗ ಬೆಳ್ದಿದ್ದು. ಮೊದ್ಲು ನಿಮ್ಮೆದ್ರಿಗೆ ನಾನೇ ತಿಂತೀನಿ."

ಅತ್ತೆ ಒಪ್ಪಿದ್ದು ಅಣಬೆಯ ಮೇಲಿನ ನಂಬಿಕೆಯಿಂದಲ್ಲ. ಸೊಸೆ ಬಡಿಸುವುದನ್ನು ಬಿಟ್ಟು, ಸೌಟು ಹಿಡಿದು ತನ್ನನ್ನೇ ನೋಡುತ್ತ ನಿಂತಿದ್ದಳು. ಆ ನೋಟದ ಎದುರು ಇಲ್ಲ ಅನ್ನಲು ಧಾರಾವಾಹಿಯ ಅತ್ತೆಗೂ ಆಗುತ್ತಿರಲಿಲ್ಲ.

ಮನೆಗೆ ಬಂದ ಕರಿಯಣ್ಣ ನೋಟುಪುಸ್ತಕ ತೆರೆದ. ಬಿಸಿಲಿಗೆ ಅಂಗಾತ ಇಡಬೇಕು ಅಂತ ಇದೆ, ಸರಿ. ಯಾರನ್ನು? ಯಾವುದನ್ನು?

"ಆ ಮೇಷ್ಟ್ರಿಗೆ ಒಂದು ಫೋನ್ ಹಚ್ಚಿ ಕೇಳಬಾರ್ದಾ?" ಎಂದಳು ಕೆಂಚಮ್ಮ.

"ಏನಂತ ಕೇಳ್ಲಿ? ಕಣ್ಣು ಮಿಟುಕಿಸದಂಗೆ ಕೇಳ್ದೋನು ನಾನು. ನನ್ನ ನೋಡಿ ಕಲೀರಿ ಅಂದಾರ ಅವ್ರು!"

ಆಮೇಲೆ ಅವನು ಕೂತು ತರ್ಕ ಮಾಡಿದ. ಅಣಬೆಗೆ ಬೇಕಾದ್ದು ನೆರಳು, ತಂಪು, ತೇವ. ಬಿಸಿಲು ತಾಗಿದರೆ ಅದು ಕೆಟ್ಟಿತು ಎಂದು ಮೊದಲನೇ ದಿನವೇ ಹತ್ತು ಸಲ ಹೇಳಿದ್ದಾರೆ. ಅಂದ ಮೇಲೆ ಬಿಸಿಲಿಗೆ ಇಡಬೇಕಾದ್ದು ಅಣಬೆಯನ್ನಂತೂ ಅಲ್ಲ. ಉಳಿದವರು ಯಾರು? ತಿನ್ನುವವರು. ತರ್ಕದಲ್ಲಿ ಎಲ್ಲೂ ತೂತಿರಲಿಲ್ಲ. ದೊಡ್ಡದೊಡ್ಡ ತಪ್ಪುಗಳ ಲಕ್ಷಣವೇ ಅದು.

ಅಲ್ಲಿಂದ ವಾರಕ್ಕೆರಡು ಸಲ ಕರಿಯಣ್ಣ ಬುಟ್ಟಿ ತುಂಬ ಅಣಬೆ ಇಟ್ಟುಕೊಂಡು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಶಿರಾಳಕೊಪ್ಪದಲ್ಲಿ, ಆನವಟ್ಟಿಯಲ್ಲಿ ಬಸ್ಸು ಬದಲಿಸಿ ಕುಬಟೂರಿಗೆ ಬರತೊಡಗಿದ. ಕಂಡಕ್ಟರು ಒಂದು ದಿನ "ಯಜಮಾನ್ರೇ, ಬುಟ್ಟಿಯೊಳಗೆ ಕೋಳಿ ಐತೇನ್ರಿ? ಟಿಕೆಟ್ ಆಗ್ತೈತಿ" ಎಂದ. "ಔಷಧ ಐತಿ" ಎಂದು ಕರಿಯಣ್ಣ ಗಂಭೀರವಾಗಿ ಉತ್ತರಿಸಿದ. ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತರು.

ಬಿಸಿಲಿಗೆ ಮಲಗಬೇಕು ಅಂದಾಗ ಮಾಳಮ್ಮ ಉರಿದೆದ್ದಳು. "ನಾನೇನು ಹಪ್ಪಳ ಏನ್ರೀ ಒಣಗಿ ಹಾಕಕ್ಕೆ?" ಕೊನೆಗೆ ಎರಡು ಶರತ್ತಿನ ಮೇಲೆ ಒಪ್ಪಿದಳು. ಒಂದು, ಮಲಗುವುದು ಹಿತ್ತಲಲ್ಲಿ, ಯಾರಿಗೂ ಕಾಣಬಾರದು. ಎರಡು, ಈ ವಿಷಯ ಊರಲ್ಲಿ ಯಾರ ಕಿವಿಗೂ ಬೀಳಬಾರದು. ಅದರಲ್ಲೂ ಎದುರುಮನೆ ಹುಚ್ಚಮ್ಮನ ಕಿವಿಗೆ ಬಿದ್ದರೆ ತಾನು ಬಾವಿ ಹಾರುವುದು ಖಂಡಿತ ಎಂದಳು. ಬಾವಿಯ ತನಕ ನಡೆಯಲಾರಳು ಎಂಬುದನ್ನು ಯಾರೂ ನೆನಪಿಸಲಿಲ್ಲ.

ದಿನಾ ಹತ್ತಕ್ಕೆ ಹಿತ್ತಲಲ್ಲಿ ಚಾಪೆ ಹಾಸುವುದು, ಮಾಳಮ್ಮನನ್ನು ಅಂಗಾತ ಮಲಗಿಸುವುದು, ಹನ್ನೊಂದಕ್ಕೆ ಎಬ್ಬಿಸುವುದು, ಮಧ್ಯಾಹ್ನ ರೊಟ್ಟಿಯ ಜೊತೆ ಅಣಬೆ ಪಲ್ಯ, ಬಿಸ್ಕತ್ತಿಗೆ ರಜೆ. ಕರಿಯಣ್ಣ ಬಾರದ ದಿನ ಸಂಗೀತಳೇ ಎಲ್ಲ ಮಾಡುತ್ತಿದ್ದಳು. ಮೂರು ವಾರವಾಗುವ ಹೊತ್ತಿಗೆ ಮಾಳಮ್ಮ ಪಲ್ಯಕ್ಕೆ ಕಾಯಿತುರಿ ಸಾಲದು ಎಂದು ಜಗಳ ತೆಗೆಯುವಷ್ಟು ಸುಧಾರಿಸಿದ್ದಳು. ಒಂದು ದಿನ ಸಂಗೀತ ನೋಡುತ್ತಿಲ್ಲವೆಂದುಕೊಂಡು ಗೋಡೆ ಹಿಡಿಯದೆ ಅಡಿಗೆಮನೆಗೆ ಹೋಗಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ಸಂಗೀತ ನೋಡಿದಳು. ಆದರೆ ಕೇಳಿದರೆ ಮಾಳಮ್ಮ "ಅಯ್ಯೋ ಸೊಂಟ" ಎಂದು ಮತ್ತೆ ಗೋಡೆಗೆ ಒರಗುತ್ತಿದ್ದಳು. ಮೂರು ವರ್ಷ ಕೂತಲ್ಲಿಗೆ ಚಾ ಬಂದಿದೆ. ಸೊಂಟ ಬಿಟ್ಟರೂ ಆ ಸುಖ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಅಪ್ಪಾ, ಅತ್ತೆಗೆ ವಾಸಿ ಆಗೈತಿ. ಒಪ್ಕೊಳ್ತಾ ಇಲ್ಲ ಅಷ್ಟೇ" ಎಂದು ಸಂಗೀತ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣೊರೆಸಿಕೊಂಡಳು. "ಅವ್ರಾಗೇ ನಾಕು ಜನದ ಎದುರಿಗೆ ಹೋಗು ಅನ್ಬೇಕು. ಇಲ್ದಿದ್ರೆ ನಾನು ಅತ್ತೇನ ಬಿಟ್ಟು ಹೋದ ಸೊಸೆ ಆಗ್ತೀನಿ."

ಡಿಸೆಂಬರ್ ಮೂವತ್ತೊಂದು ಬಂತು. ಉಳಿದದ್ದು ಎರಡು ದಿನ. ಅವತ್ತು ಸಂಗೀತ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಸೊರಬಕ್ಕೆ ಹೋಗಿದ್ದಳು. ಯತೀಶ ಟ್ರ್ಯಾಕ್ಟರ್ ತೆಗೆದುಕೊಂಡು ಗದ್ದೆಗೆ ಹೋಗಿದ್ದ. ಬುಟ್ಟಿಯೊಂದಿಗೆ ಬಂದ ಕರಿಯಣ್ಣ ಹಿತ್ತಲಿಗೆ ಹೋಗಿ ನೋಡಿದರೆ ಬಿಸಿಲೇ ಇಲ್ಲ! ಕೊಯ್ಲು ಮುಗಿದು, ಹಿಂದಿನ ದಿನವಷ್ಟೇ ಯತೀಶ ಅಲ್ಲಿ ಎರಡಾಳೆತ್ತರದ ಹುಲ್ಲಿನ ಬಣವೆ ಒಟ್ಟಿದ್ದ. ಹಿತ್ತಲ ತುಂಬ ನೆರಳು.

"ಅಕ್ಕಾ, ಇವತ್ತೊಂದಿನ ಮುಂದಿನ ಅಂಗಳದಾಗ."

"ಆಗಲ್ಲ! ಹುಚ್ಚಮ್ಮ ನೋಡ್ತಾಳೆ."

"ಅವ್ರ ಮನಿ ಬಾಗ್ಲು ಹಾಕೈತಿ, ನೋಡೇ ಬಂದೀನಿ. ಮುಖ ಮುಚ್ಚಿಬಿಡಾಣ, ಯಾರು ಅಂತನೂ ಗೊತ್ತಾಗಂಗಿಲ್ಲ."

ಹೀಗೆ ಮಾಳಮ್ಮ ಮುಂದಿನ ಅಂಗಳದ ನಡುವೆ ಚಾಪೆಯ ಮೇಲೆ ಅಂಗಾತ ಮಲಗಿದಳು. ಬಿಸಿಲು ಕಣ್ಣಿಗೆ ಹೊಡೆಯದಿರಲಿ ಎಂದು ಕರಿಯಣ್ಣ ಅವಳ ಮುಖದ ಮೇಲೆ ಒಂದು ಬಿಳೀ ಪಂಚೆ ಹಾಸಿದ. ನೊಣ ಕೂರಬಾರದಲ್ಲ, ತಲೆಯ ಹತ್ತಿರ ಒಂದು ಬಾಳೆಹಣ್ಣಿಗೆ ನಾಲ್ಕು ಊದುಬತ್ತಿ ಚುಚ್ಚಿ ಹಚ್ಚಿಟ್ಟ. ಪಕ್ಕದಲ್ಲಿ ಅಣಬೆ ಬುಟ್ಟಿ ಇಟ್ಟು, ಕೋಲಿಗೆ ಗದ್ದ ಊರಿ ಕೂತ. ಎಳೆ ಬಿಸಿಲು ಹಿತವಾಗಿತ್ತು. ಐದು ನಿಮಿಷದಲ್ಲಿ ಪಂಚೆಯ ಕೆಳಗೆ ಮಾಳಮ್ಮ ನಿದ್ದೆ ಹೋದಳು. ಏಳನೇ ನಿಮಿಷಕ್ಕೆ ಕರಿಯಣ್ಣನೂ ಹೋದ, ಕಣ್ಣು ಬಿಟ್ಟುಕೊಂಡೇ. ಊದುಬತ್ತಿಯ ಹೊಗೆಗೆ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

ಆ ದಾರಿಯಲ್ಲಿ ಬಂದವನು ಭಜನೆ ಮೇಳದ ಹಿರಿಯ ಕಲ್ಲಪ್ಪ. ಮಹಾ ಮೆದು ಮನಸ್ಸಿನವನು. ಯಾರ ಮನೆಯ ಎತ್ತು ಸತ್ತರೂ ಮೊದಲು ಅಳುವವನು ಅವನೇ. ಬೇಲಿಯಿಂದಾಚೆ ನಿಂತು ಚಾಪೆ ನೋಡಿದ, ಬಿಳೀ ಬಟ್ಟೆ ನೋಡಿದ, ಊದುಬತ್ತಿ ನೋಡಿದ, ಕಲ್ಲಾಗಿ ಕೂತು ಕಣ್ಣೀರಿಡುತ್ತಿದ್ದ ಬೀಗರನ್ನು ನೋಡಿದ. ಹೆಗಲ ಮೇಲಿನ ಟವೆಲ್ಲು ಬಾಯಿಗೆ ಹೋಯಿತು.

"ಯಾವಾಗ ಆತು ಬೀಗ್ರೇ?"

ಕರಿಯಣ್ಣ ಬೆಚ್ಚಿ ಎದ್ದ. ಗುಟ್ಟು ರಟ್ಟಾಯಿತಲ್ಲ ಎಂದು ಒಂದು ಕ್ಷಣ ಗಾಬರಿಯಾದರೂ, ನೋಡಿಬಿಟ್ಟವನಿಗೆ ಸುಳ್ಳು ಹೇಳುವುದು ಹೇಗೆ? "ಈಗ ಅರ್ಧ ತಾಸಾತು" ಎಂದ ಪಿಸುದನಿಯಲ್ಲಿ.

"ಕಷ್ಟ ಪಟ್ರಾ?"

"ಇಲ್ಲಪ್ಪ. ಮೊದ್ಲು ಒಂದೀಟು ಜಗಳ ಮಾಡಿದ್ರು. ಆಮ್ಯಾಲೆ ಅವ್ರಾಗೇ ಮಲಿಕ್ಕೊಂಡ್ರು. ನೆಮ್ಮದಿಯಾಗಿ."

"ಪುಣ್ಯಾತ್ಗಿತ್ತಿ!" ಕಲ್ಲಪ್ಪ ಬಿಕ್ಕಿದ. "ಯತೀಶಗೆ, ಸಂಗೀತಗೆ ಹೇಳಿದ್ರಾ?"

"ಅವ್ರಿಗೆ ಗೊತ್ತಿದ್ದಿದ್ದೇ ಐತಿ, ಒಂದು ತಿಂಗ್ಳಿಂದ. ಊರೋರಿಗೆ ಮಾತ್ರ ಹೇಳ್ಬ್ಯಾಡ ಅಂದಿದ್ರು ಅಕ್ಕಾರು."

"ಆ ಕಷ್ಟದಾಗೂ ಊರಿಗೆ ತೊಂದ್ರೆ ಬ್ಯಾಡ ಅಂದ್ರಾ? ಎಂಥ ಜೀವ!" ಕಲ್ಲಪ್ಪ ಮೂಗು ಸೀಟಿದ. "ಎಷ್ಟೊತ್ತಿನ ತನಕ ಇಡ್ತೀರಿ?"

"ಹನ್ನೊಂದಕ್ಕೆ ತಗದುಬಿಡಾದು. ಹೊತ್ತು ಮೀರಿದ್ರೆ ಬಾಡ್ತೈತಿ."

"ಅಷ್ಟು ಲಗೂನಾ! ಆತು, ನಾನು ಎಲ್ಲ ನೋಡ್ಕೊಂತೀನಿ" ಎಂದು ಕಲ್ಲಪ್ಪ ಓಡಿದ.

ಎಷ್ಟು ಒಳ್ಳೆಯ ಮನುಷ್ಯ, ಚಿಕಿತ್ಸೆಯ ಬಗ್ಗೆ ಎಷ್ಟು ಕಾಳಜಿ ಎಂದುಕೊಂಡ ಕರಿಯಣ್ಣ ಮತ್ತೆ ಕೋಲಿಗೆ ಗದ್ದ ಊರಿದ.

ಕುಬಟೂರಿನಲ್ಲಿ ಕರೆಂಟು ಹೋಗಿ ಬರುತ್ತದೆ, ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸುದ್ದಿಗೆ ಮಾತ್ರ ಯಾವತ್ತೂ ತಡೆಯಿಲ್ಲ. ಹತ್ತೇ ನಿಮಿಷದಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಮಾಳಮ್ಮನ ಆಧಾರ್ ಕಾರ್ಡಿನ ಫೋಟೋ ಬಂತು, ಕೆಳಗೆ 'ಓಂ ಶಾಂತಿ' ಬಂತು, ಅದರ ಕೆಳಗೆ ಅರವತ್ತು ಜೊತೆ ಕೈ ಮುಗಿದವು. ಅಂಗಳ ತುಂಬತೊಡಗಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ಗಂಡಸರು ಬೇಲಿಗೆ ಒರಗಿದರು.

ಕರಿಯಣ್ಣನಿಗೆ ಇದೆಲ್ಲ ನೋಡಿ ಹೃದಯ ತುಂಬಿ ಬಂತು. ಅಣಬೆಯ ಔಷಧೀಯ ಗುಣಗಳ ಬಗ್ಗೆ ಈ ಊರಿಗೆ ಇಷ್ಟು ಆಸಕ್ತಿ ಇದೆಯೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಹತ್ತಿರ ಬಂದವರಿಗೆಲ್ಲ ಬುಟ್ಟಿ ತೆರೆದು ತೋರಿಸಿದ. "ಇದನ್ನೇ ತಿಂದಿದ್ದು ಅವ್ರು. ಒಂದು ತಿಂಗ್ಳಿಂದ ದಿನಾ ಇದೇ." ತೋರಿಸಿಕೊಂಡವರು ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ "ಹಂಗಾದ್ರೆ ಪೊಲೀಸಿಗೆ ಹೇಳ್ಬೇಕಾಗ್ತದೆ" ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ.

ಅಷ್ಟರಲ್ಲಿ ಭಜನೆ ಮೇಳ ತಾಳ, ದಮ್ಮಡಿ ಸಮೇತ ಬಂತು. ಮುಂದೆ ಕಲ್ಲಪ್ಪ, ಕೈಯಲ್ಲಿ ಚೆಂಡುಹೂವಿನ ದಪ್ಪ ಹಾರ. ಕರಿಯಣ್ಣನ ಕಣ್ಣು ಮಂಜಾಯಿತು. ಸರ್ಟಿಫಿಕೇಟು ಕೊಟ್ಟ ದಿನ ಕೂಡ ಅವನಿಗೆ ಹಾರ ಹಾಕಿರಲಿಲ್ಲ. ಎದ್ದು, ರುಮಾಲು ತೆಗೆದು ಕಂಕುಳಲ್ಲಿಟ್ಟು, ಕಣ್ಣು ಮುಚ್ಚಿ, ವಿನಯದಿಂದ ಕತ್ತು ಬಗ್ಗಿಸಿದ. ಬಗ್ಗಿಸಿಯೇ ಇದ್ದ. ಹಾರ ಬೀಳಲಿಲ್ಲ. ಕಣ್ಣು ತೆರೆದರೆ ಕಲ್ಲಪ್ಪ ಅವನನ್ನು ದಾಟಿಹೋಗಿ ಹಾರವನ್ನು ಮಾಳಮ್ಮನ ಕೊರಳಿಗೆ ಬಳಸಿ ಎದೆಯ ಮೇಲಿಟ್ಟು ಪಾದ ಮುಟ್ಟಿ ನಮಸ್ಕರಿಸುತ್ತಿದ್ದ.

ಆಗ ಗೊತ್ತಾಯಿತು ಕರಿಯಣ್ಣನಿಗೆ. "ಅಯ್ಯೋ! ಇಲ್ಲ ಇಲ್ಲ! ಹಂಗಲ್ಲ! ಅವ್ರು ಬಾಡಬಾರ್ದು ಅಂತ..." ಎಂದು ಕೂಗಿದ. ತಾಳದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. "ದುಃಖ ತಲೆಗೇರಿದೆ ಪಾಪ" ಎಂದು ಇಬ್ಬರು ಅವನನ್ನು ಹಿಡಿದು ಕೂರಿಸಿದರು.

ಹಾರದ ಭಾರಕ್ಕೆ ಮಾಳಮ್ಮನಿಗೆ ಎಚ್ಚರವಾಗಿತ್ತು. ಅವಳು ಎದ್ದು ಕೂರುವವಳೇ ಇದ್ದಳು. ಅಷ್ಟರಲ್ಲಿ ತಾಳ ನಿಂತು ತನ್ನ ಹೆಸರು ಕಿವಿಗೆ ಬಿತ್ತು. ತನ್ನ ಬಗ್ಗೆ ಊರು ಏನು ಹೇಳುತ್ತದೆ ಎಂದು ಕೇಳುವ ಯೋಗ ಎಷ್ಟು ಜನಕ್ಕಿದೆ? ಮೈಯೆಲ್ಲ ಕಿವಿಯಾಗಿ ಮಲಗಿದಳು. ಪಂಚೆಯ ಆಚೆ ಕಾಲಿನ ಹೆಬ್ಬೆರಳು ಅಲ್ಲಾಡಿದ್ದನ್ನು ಕರಿಯಣ್ಣನೊಬ್ಬನೇ ನೋಡಿದ, ಬೇಕೆಂದೇ ಮಲಗಿದ್ದಾಳೆಂದು ತಿಳಿದ.

"ಕುರಿ ಹೊಡ್ಕೊಂಡು ಗುಡವಿ ಕೆರೆ ತನಕ ಹೋಗೋಳು" ಎಂದು ಕಲ್ಲಪ್ಪ ಅಳುತ್ತಿದ್ದ. "ನಮ್ಮ ಹಿಂಡಿನಾಗ ಹಿಂದುಳಿದ ಮರೀನೂ ಹೆಗಲ ಮೇಲೆ ಹಾಕ್ಕೊಂಡು ಬಂದು ಮುಟ್ಟಿಸೋಳು. ಅಂಥ ಕಾಲು!"

ಪಂಚೆಯ ಕೆಳಗೆ ಮಾಳಮ್ಮನ ಮುಖ ಅರಳಿತು. ಅದೇ ಹೊತ್ತಿಗೆ ತಲೆಯ ಹತ್ತಿರವೇ ಎದುರುಮನೆ ಹುಚ್ಚಮ್ಮನ ದನಿ ಕೇಳಿಸಿತು. "ಹೋದೋರು ಹೋದ್ರು. ಇನ್ನಾದ್ರೂ ಸೊಸೆ ಅಂಗನವಾಡಿಗೆ ಹೋಗ್ತಾಳೆ ಬಿಡು. ಮುದುಕಿ ಇದ್ದಿದ್ರೆ ಬಿಡ್ತಿತ್ತಾ? ಕೂತಲ್ಲಿಂದ ಏಳ್ದೆ ಆ ಹುಡುಗೀನ ಕಟ್ಟಿ ಹಾಕ್ತಿತ್ತು."

ಹೆಬ್ಬೆರಳು ನಿಂತುಬಿಟ್ಟಿತು.

ಆಗ ಅಂಗನವಾಡಿ ನೋಡಲು ಬಂದಿದ್ದ ಮೇಲ್ವಿಚಾರಕಿ ರಕ್ಷಿತಾ ಮೇಡಂ ಸುದ್ದಿ ಕೇಳಿ ಸ್ಕೂಟಿಯಲ್ಲಿ ಅಲ್ಲಿಗೇ ಬಂದರು. ಕೈ ಮುಗಿದು, ಎರಡು ನಿಮಿಷ ತಲೆ ತಗ್ಗಿಸಿ ನಿಂತು, ಮೊಬೈಲ್ ಹೊರತೆಗೆದರು. "ಮನೇಲಿ ಹಿಂಗಾದ ಮೇಲೆ ನಾಡಿದ್ದು ಬಾ ಅನ್ನಕ್ಕಾಗುತ್ತಾ? ಪಾಪ. ಆಫೀಸಿಗೆ ತಿಳಿಸಿಬಿಡ್ತೀನಿ, ಪಟ್ಟೀಲಿ ಎರಡನೆಯವರನ್ನ ಕರೀಲಿ. ಹಲೋ, ಸರ್, ಕುಬಟೂರಿನ ಸಂಗೀತ ಇದಾರಲ್ಲ, ಅವರು ಹಾಜರಾಗಲ್ಲ..."

"ಯಾಕೆ ಆಗಲ್ಲ!"

ಪಂಚೆ ಹಾರಿತು. ಚೆಂಡುಹೂವಿನ ಹಾರ ಹಾಕಿಕೊಂಡ ಮಾಳಮ್ಮ ಎದ್ದು ಕೂತಿದ್ದಳು. ತಾಳ ಒಂದು ಕಡೆ ಬಿತ್ತು, ದಮ್ಮಡಿ ಇನ್ನೊಂದು ಕಡೆ ಉರುಳಿತು. ಬೇಲಿಗೆ ಒರಗಿದ್ದವರು ಬೇಲಿ ಸಮೇತ ರಸ್ತೆಗೆ ಹೋದರು. ಹುಚ್ಚಮ್ಮ ದೇವರ ಹೆಸರು ನೆನಪಾಗದೆ ತನ್ನ ಹೆಸರನ್ನೇ ಮೂರು ಸಲ ಕೂಗಿಕೊಂಡಳು. ಮಾಳಮ್ಮ ಗೋಡೆ ಹುಡುಕಲಿಲ್ಲ, ಯಾರ ಕೈಯನ್ನೂ ಕೇಳಲಿಲ್ಲ. ನೆಲಕ್ಕೊಂದು ಕೈ ಊರಿ ಎದ್ದಳು, ನೇರ ರಕ್ಷಿತಾ ಮೇಡಂ ಹತ್ತಿರ ನಡೆದಳು.

"ಕೊಡ್ರಿ ಇಲ್ಲಿ ಫೋನ್. ಹಲೋ, ಸಾರ್! ನಾನು ಸಂಗೀತನ ಅತ್ತೆ ಮಾತಾಡೋದು. ಹೌದು, ಸತ್ತೋಳೇ. ಎರಡನೇ ತಾರೀಖು ನನ್ನ ಸೊಸೆ ಬರ್ತಾಳೆ. ನಾನೇ ಕರ್ಕೊಂಡು ಬರ್ತೀನಿ. ಇನ್ನೊಬ್ರ ಹೆಸರು ಗಿಸರು ಬರೆದ್ರೆ ನಾನು ಆಫೀಸಿಗೇ ಬಂದು ಮಲಗ್ತೀನಿ, ತಿಳ್ಕಳಿ!"

ಆ ಕಡೆಯಿಂದ ಸಾಹೇಬರು ಏನಂದರೋ ಯಾರಿಗೂ ಗೊತ್ತಿಲ್ಲ. ಫೋನು ಕಟ್ಟಾಗಿತ್ತು.

ಅದೇ ಸಮಯಕ್ಕೆ ಬಸ್ಸಿಳಿದ ಸಂಗೀತ, ಮನೆಯ ಮುಂದೆ ಜನ ನೋಡಿ ಚಪ್ಪಲಿ ಬಿಟ್ಟು ಓಡಿ ಬಂದವಳು, ಅಂಗಳದ ಅಂಚಿನಲ್ಲೇ ನಿಂತುಬಿಟ್ಟಳು. ಅಂಗಳದ ನಡುವೆ ಅತ್ತೆ ಹಾರ ಹಾಕಿಕೊಂಡು ನಿಂತಿದ್ದಳು, ಯಾರನ್ನೂ ಹಿಡಿದುಕೊಳ್ಳದೆ. "ಅತ್ತೆ..." ಎಂದಳು. ಕಣ್ಣಲ್ಲಿ ನೀರು ಇಳಿಯಿತು.

"ಎಲ್ಲ ಕಾಗದಕ್ಕೂ ಸಹಿ ಆತಾ?" ಎಂದಳು ಮಾಳಮ್ಮ. "ಆತಲ್ಲ, ಮತ್ತ್ಯಾಕೆ ಅಳ್ತೀಯ? ಈ ಊರಿನೋರೆಲ್ಲ ಅತ್ತು ಆಗೈತೆ."

ಗದ್ದೆಯಲ್ಲಿ 'ಓಂ ಶಾಂತಿ' ಓದಿದ ಯತೀಶ, ಸಬ್‌ಸೆಂಟರಿಗೆ ಬಂದಿದ್ದ, ಹಿಂದೆ ಅಮ್ಮನಿಗೆ ಮಾತ್ರೆ ಕೊಟ್ಟಿದ್ದ ಡಾಕ್ಟರ್ ದೀಪಶ್ರೀಯವರನ್ನು ಟ್ರ್ಯಾಕ್ಟರಿನಲ್ಲೇ ಕೂರಿಸಿಕೊಂಡು ಬಂದ. ಅಮ್ಮ ಬೇಲಿ ಮುರಿದವರನ್ನು ಬೈಯುತ್ತಿದ್ದುದನ್ನು ಕೇಳಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟುಕೊಂಡು ಅತ್ತುಬಿಟ್ಟ. ಡಾಕ್ಟರು ಮಾಳಮ್ಮನ ನಾಡಿ ನೋಡಿದರು, ಮೊಣಕಾಲು ಒತ್ತಿ ನೋಡಿದರು, ನಡೆಸಿ ನೋಡಿದರು. "ಏನು ಔಷಧ ಕೊಟ್ರಿ?"

ಕರಿಯಣ್ಣ ಬುಟ್ಟಿಯಿಂದ ನೋಟುಪುಸ್ತಕ ತೆಗೆದು ಮುಂದೆ ಹಿಡಿದ. ಡಾಕ್ಟರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂತರು.

"ಯಜಮಾನ್ರೇ, ಬಿಸಿಲಿಗೆ ಅಂಗಾತ ಇಡಬೇಕಾದ್ದು ಅಣಬೇನ ರೀ! ಕಿತ್ತ ಅಣಬೇನ ಅಡಿಮೇಲು ಮಾಡಿ, ಗೆರೆಗೆರೆ ಇರೋ ಭಾಗ ಬಿಸಿಲಿಗೆ ಬರೋ ಹಾಗೆ ಇಟ್ರೆ ಅದರಲ್ಲಿ ವಿಟಮಿನ್ ಡಿ ಹುಟ್ಟುತ್ತೆ. ನೀವು ಬೀಗಿತ್ತೀನ ಇಟ್ಟಿದೀರಿ!"

ಅಂಗಳವೆಲ್ಲ ಗೊಳ್ಳೆಂದಿತು. ಕರಿಯಣ್ಣನ ಮುಖ ಸಣ್ಣದಾಯಿತು. "ಹಂಗಾರೆ ಎಲ್ಲ ತಪ್ಪಾತಾ ಡಾಕ್ಟ್ರೇ?"

"ತಪ್ಪಾಗಿದ್ದೇ ಒಳ್ಳೇದಾಯ್ತು. ಬಿಸಿಲು ಬಿದ್ರೆ ನಮ್ಮ ಚರ್ಮಾನೂ ಅದೇ ವಿಟಮಿನ್ ಮಾಡುತ್ತೆ. ಮೂರು ವರ್ಷ ಇವರು ಬಿಸಿಲೇ ಕಂಡಿರಲಿಲ್ಲವಲ್ಲ. ಅಣಬೆನೂ ಕೆಲಸ ಮಾಡಿದೆ, ಅದರಲ್ಲಿ ಪ್ರೋಟೀನು ಇದೆ, ನಾರು ಇದೆ, ಬಿಸ್ಕತ್ತಿಗಿಂತ ನೂರು ಪಾಲು ಮೇಲು. ಆದ್ರೆ ಊಟ ಊಟಾನೇ, ಅದು ಮಾತ್ರೆ ಬದಲು ಅಲ್ಲ. ರಕ್ತ ಪರೀಕ್ಷೆ ಮಾಡಿಸಿ, ನಾನು ಕೊಟ್ಟಿದ್ದನ್ನ ನುಂಗಬೇಕು. ಕಿಟಕಿಯಿಂದ ಎಸೆಯೋ ಹಾಗಿಲ್ಲ."

"ನುಂಗ್ತೀನಿ" ಎಂದಳು ಮಾಳಮ್ಮ. ಆಮೇಲೆ ಕರಿಯಣ್ಣನ ಕಡೆ ತಿರುಗಿ, "ಬೀಗ್ರೇ, ಮುಖ ಯಾಕೆ ಹಂಗೆ ಇಟ್ಕೊಂಡೀರಿ? ನಾಕು ಊರು ಬಸ್ಸು ಹತ್ತಿ ಇಳಿದು ನನ್ನ ಸಲುವಾಗಿ ಬಂದೋರು ಯಾರು? ಒಳಗೆ ಬರ್ರಿ, ಊಟ ಮಾಡಣ. ಪಲ್ಯ ಇವತ್ತು ನಾನೇ ಮಾಡ್ತೀನಿ. ಆ ಹುಡುಗಿ ಕಾಯಿ ಹಾಕೋದೇ ಇಲ್ಲ" ಎಂದಳು.

ಎರಡನೇ ತಾರೀಖು ಬೆಳಿಗ್ಗೆ ಕೆಂಚಮ್ಮನನ್ನೂ ಕರೆದುಕೊಂಡು ಕರಿಯಣ್ಣ ಕುಬಟೂರಿಗೆ ಬಂದ. ಸಂಗೀತ ಹೊಸಿಲು ದಾಟಿದವಳು ಮತ್ತೆ ಮತ್ತೆ ಒಳಗೆ ಹೋಗಿ, ಹಾಲು ಕಾಸಿದೆ, ಗ್ಯಾಸ್ ಆರಿಸಿದೆ, ಮಾತ್ರೆ ಗೂಡಿನಲ್ಲಿದೆ ಎನ್ನುತ್ತಿದ್ದಳು. "ಹೋಗೇ ತಾಯಿ, ಮಕ್ಳು ಕಾಯ್ತಾವೆ!" ಎಂದು ಮಾಳಮ್ಮ ಅವಳ ಬೆನ್ನಿಗೆ ಕೈ ಹಚ್ಚಿ ನಡೆಸಿಕೊಂಡೇ ಹೋದಳು. ಅಂಗನವಾಡಿಯಲ್ಲಿ ಸಂಗೀತ ರಿಜಿಸ್ಟರಿಗೆ ತನ್ನ ಹೆಸರು ಬರೆದು ಸಹಿ ಹಾಕಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕರಿಯಣ್ಣ ಗಟ್ಟಿಯಾಗಿಯೇ ಅತ್ತ. ಅವನಿಗೆ ಅಷ್ಟು ಖುಷಿಯಾಗಿತ್ತು. ಒಳಗಿದ್ದ ಹನ್ನೆರಡು ಮಕ್ಕಳು ಹೊಸ ಟೀಚರನ್ನು ಬಿಟ್ಟು ಅವನನ್ನೇ ನೋಡಿದವು.

ವಾಪಸ್ಸು ಬರುವಾಗ ಮಾಳಮ್ಮ ಮನೆಯ ಕಡೆ ತಿರುಗಲಿಲ್ಲ. ಸೀದಾ ಹುಚ್ಚಮ್ಮನ ಮನೆ ಬಾಗಿಲು ತಟ್ಟಿದಳು.

"ಅಯ್ಯೋ ಮಾಳಕ್ಕ! ನೀನಾ... ನಡ್ಕೊಂಡು..." ಹುಚ್ಚಮ್ಮ ಬಾಗಿಲು ಹಿಡಿದುಕೊಂಡಳು. ಇವತ್ತು ಗೋಡೆ ಬೇಕಾದದ್ದು ಅವಳಿಗೆ.

"ಹೂಂ ಕಣೇ. ಮೊನ್ನೆ ಅಷ್ಟು ಜನ ಬಂದು ಅತ್ತು ಗಂಟಲು ಒಣಗಿಸ್ಕೊಂಡ್ರಿ. ಒಬ್ರಿಗೂ ಒಂದು ಲೋಟ ಚಾ ಕೊಡಕ್ಕಾಗಲಿಲ್ಲ ನಂಗೆ. ಸಂಜೆ ಮನೆಗೆ ಬಾ. ಸೊಸೆ ಡ್ಯೂಟಿಗೆ ಹೋಗ್ಯಾಳೆ, ಚಾ ನಾನೇ ಕಾಸ್ತೀನಿ."

"ಅಕ್ಕಾ," ಎಂದ ಕರಿಯಣ್ಣ ಹಿಂದಿನಿಂದ, ಗಾಬರಿಯಾಗಿ, "ಮೊನ್ನೆ ಬಂದೋರು ನಲವತ್ತು ಮನಿಯೋರು. ಅಷ್ಟೂ ಮನಿಗೆ ನಡ್ಕೊಂಡು ಹೋಗ್ತೀರೇನು?"

ಮಾಳಮ್ಮ ಆಗಲೇ ಎರಡನೇ ಮನೆಯ ಗೇಟು ತೆಗೆಯುತ್ತಿದ್ದಳು.